ರೂಟ್ ಪಾರ್ಟಿಷನ್ 100% ಫುಲ್, ಅಪ್‌ಗ್ರೇಡ್ ಅರ್ಧಕ್ಕೆ ನಿಂತಿದೆ, ಕೋಹಾ (ಲೈಬ್ರರಿ ಸಾಫ್ಟ್‌ವೇರ್) ಇರೋ ಸರ್ವರ್. ಮೊದ್ಲು ಎಲ್ಲಿಗೆ ಕೈ ಹಾಕೋದು?

ಲೈಬ್ರರಿ_ಲಿನಕ್ಸ್:

ಎಲ್ರಿಗೂ ನಮಸ್ಕಾರ. ನಾನು ಒಂದು ಡಿಗ್ರಿ ಕಾಲೇಜಲ್ಲಿ ಕಂಪ್ಯೂಟರ್ ಲ್ಯಾಬ್ ನೋಡ್ಕೊಳ್ಳೋನು, ಸಿಸ್ಟಮ್ ಅಡ್ಮಿನ್ ಏನಲ್ಲ, ಆದ್ರೆ ಲೈಬ್ರರಿ ಸರ್ವರ್ ಕೈ ಕೊಟ್ರೆ ಎಲ್ರೂ ನನ್ನ ಮುಖಾನೇ ನೋಡೋದು. ಉಬುಂಟು ಸರ್ವರ್ 22.04, 240 ಜಿಬಿ ಎಸ್‌ಎಸ್‌ಡಿ, ಮೈಎಸ್‌ಕ್ಯೂಎಲ್ 8, ಅದರ ಮೇಲೆ ಕೋಹಾ. ಹೊರಗಿನ ವೆಂಡರ್ ಒಬ್ರು ಇನ್‌ಸ್ಟಾಲ್ ಮಾಡಿಕೊಟ್ಟು ಹೋಗಿದ್ದು.

ನಿನ್ನೆಯಿಂದ ಇಶ್ಯೂ ರಿಟರ್ನ್ ಎರಡೂ ನಿಂತಿದೆ. ಸ್ಟಾಫ್ ಪೇಜ್ ತೆರ್ಕೊಳ್ಳುತ್ತೆ ಆದ್ರೆ ಲಾಗಿನ್ ಒತ್ತಿದ್ರೆ ಸುತ್ತಿ ಸುತ್ತಿ ಎರರ್. ಅಪ್‌ಡೇಟ್ ಬಾಕಿ ಇರಬೇಕು ಅಂದ್ಕೊಂಡು ಆಪ್ಟ್ ಅಪ್‌ಗ್ರೇಡ್ ಕೊಟ್ರೆ ಕರ್ನಲ್ ಪ್ಯಾಕೇಜ್ ಹತ್ರ ಬಂದು ಡಿವೈಸಲ್ಲಿ ಜಾಗ ಇಲ್ಲ ಅಂತ ನಿಂತೋಯ್ತು, ಈಗ ಆಪ್ಟ್ ಏನೇ ಕೊಟ್ರೂ ಮೊದ್ಲು ಡಿಪಿಕೆಜಿ ಕಾನ್ಫಿಗರ್ ಓಡಿಸಿ ಅಂತಿದೆ, ಅದನ್ನ ಓಡಿಸಿದ್ರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗೋಕೆ ಬೇಕಾದ ಫೈಲು) ಮಾಡೋವಾಗ ಮತ್ತೆ ಅದೇ ಎರರ್. ತಮಾಷೆ ಏನಂದ್ರೆ /ಬೂಟ್ ಅಲ್ಲಿ 1.3 ಜಿಬಿ ಖಾಲಿ ಇದೆ! ಡಿಎಫ್ (ಡಿಸ್ಕ್ ಜಾಗ ತೋರಿಸೋ ಕಮಾಂಡ್) ಪ್ರಕಾರ ರೂಟ್ 98 ಜಿಬಿ, 100% ಫುಲ್. 240 ಜಿಬಿ ಡಿಸ್ಕಲ್ಲಿ 98 ಯಾಕೆ ಅನ್ನೋದೂ ಅರ್ಥ ಆಗ್ಲಿಲ್ಲ.

ವೆಂಡರಿಗೆ ಫೋನ್ ಮಾಡಿದ್ರೆ, ರಿಮೋಟಲ್ಲಿ ಬಂದು ಏನೋ ಒಂದು ದೊಡ್ಡ ಲಾಗ್ ಫೈಲ್ ಡಿಲೀಟ್ ಮಾಡಿದ್ರು, ಒಂದು ಎಂಬಿನೂ ಕಮ್ಮಿ ಆಗ್ಲಿಲ್ಲ. ಆಮೇಲೆ /ವಾರ್/ಲಿಬ್/ಮೈಎಸ್‌ಕ್ಯೂಎಲ್ ಒಳಗೆ ಬಿನ್‌ಲಾಗ್ ಅಂತ ಹೆಸರಿರೋ ಫೈಲೆಲ್ಲ ಅಳಿಸಿಬಿಡಿ, ಇನ್ಮುಂದೆ ಅಪ್‌ಡೇಟ್ ಮಾಡ್ಲೇಬೇಡಿ ಅಂದ್ರು. ಡೇಟಾಬೇಸ್ ಫೋಲ್ಡರಲ್ಲಿ ಕೈ ಹಾಕೋಕೆ ಧೈರ್ಯ ಬರ್ತಿಲ್ಲ. ನಲವತ್ತು ಸಾವಿರದ ಮೇಲೆ ಪುಸ್ತಕದ ಎಂಟ್ರಿ ಇದೆ ಅದರಲ್ಲಿ.

(ಮೊಬೈಲಲ್ಲಿ ಕನ್ನಡ ಕೀಬೋರ್ಡಲ್ಲಿ ಬರೀತಿದೀನಿ, ಕಮಾಂಡ್ ಎಲ್ಲ ಕನ್ನಡದಲ್ಲೇ ಹೇಳಿ ಪರ್ವಾಗಿಲ್ಲ, ಅಲ್ಲಿ ಸರಿಯಾಗಿ ಟೈಪ್ ಮಾಡ್ಕೊತೀನಿ.)

---

ಕರಾವಳಿ_ಕರ್ನಲ್:

ಅಳಿಸ್ಬೇಡಿ ಮಾರಾಯ್ರೆ! ಧೈರ್ಯ ಬರದೆ ಇದ್ದದ್ದೇ ಒಳ್ಳೆದಾಯ್ತು.

ಮೊದ್ಲು 98ರ ಕತೆ. ಉಬುಂಟು ಸರ್ವರ್ ಇನ್‌ಸ್ಟಾಲರ್ ಎಲ್‌ವಿಎಂ (ಡಿಸ್ಕನ್ನು ಆಮೇಲೆ ಹಿಗ್ಗಿಸ್ಲಿಕ್ಕೆ ಬರುವ ವಾಲ್ಯೂಮುಗಳಾಗಿ ಹಂಚುವ ವ್ಯವಸ್ಥೆ) ಹಾಕುವಾಗ ಇಡೀ ಡಿಸ್ಕನ್ನು ರೂಟಿಗೆ ಕೊಡುದಿಲ್ಲ. 200 ಜಿಬಿಗಿಂತ ದೊಡ್ಡದಿದ್ರೆ 100 ಜಿಬಿ ಮಾತ್ರ ಕೊಡ್ತದೆ, 20ರಿಂದ 200ರ ಒಳಗೆ ಇದ್ರೆ ಅರ್ಧ. ಉಳಿದದ್ದು ವಾಲ್ಯೂಮ್ ಗ್ರೂಪಲ್ಲಿ ಸುಮ್ಮನೆ ಬಿದ್ದಿರ್ತದೆ. ಇನ್‌ಸ್ಟಾಲ್ ಮಾಡುವಾಗ ಆ ಸ್ಕ್ರೀನಲ್ಲಿ ತೋರಿಸ್ತದೆ, ಆದ್ರೆ ಯಾರೂ ಓದುದಿಲ್ಲ, ಡನ್ ಡನ್ ಅಂತ ಒತ್ತಿಕೊಂಡು ಹೋಗುದು. ಸುಡೋ ವಿಜಿಎಸ್ ಅಂತ ಕೊಟ್ಟು ವಿಫ್ರೀ ಕಾಲಮ್ ನೋಡಿ, ನನ್ನ ಅಂದಾಜಲ್ಲಿ 120 ಜಿಬಿ ಹತ್ರ ಖಾಲಿ ಉಂಟು ನಿಮ್ಮಲ್ಲಿ.

ಆದ್ರೆ ಈಗಲೇ ಅದನ್ನು ಹಿಗ್ಗಿಸ್ಲಿಕ್ಕೆ ಹೋದ್ರೆ ಒಂದು ತಕರಾರು ಬರಬಹುದು. ಎಲ್‌ವಿಎಂ ಏನೇ ಬದಲಾವಣೆ ಮಾಡುವ ಮೊದ್ಲು ತನ್ನ ಮೆಟಾಡೇಟಾದ ಕಾಪಿ /ಇಟಿಸಿ/ಎಲ್‌ವಿಎಂ ಒಳಗೆ ಬರೆದಿಡ್ತದೆ, ರೂಟಲ್ಲಿ ಒಂದು ಬ್ಲಾಕೂ ಇಲ್ಲದಿದ್ರೆ ಅದನ್ನೇ ಬರೀಲಿಕ್ಕಾಗದೆ ನಿಲ್ತದೆ. ಹಾಗಾಗಿ ಮೊದ್ಲು ಸುಡೋ ಆಪ್ಟ್ ಕ್ಲೀನ್ ಕೊಡಿ. ಅದು /ವಾರ್/ಕ್ಯಾಷ್/ಆಪ್ಟ್ ಒಳಗೆ ಡೌನ್‌ಲೋಡ್ ಆಗಿ ಕೂತ ಡೆಬ್ ಫೈಲುಗಳನ್ನು ತೆಗೀತದೆ ಅಷ್ಟೇ, ಇನ್‌ಸ್ಟಾಲ್ ಆದದ್ದಕ್ಕೆ ಏನೂ ಆಗುದಿಲ್ಲ. ಆಮೇಲೆ ಜರ್ನಲ್‌ಸಿಟಿಎಲ್‌ಗೆ ವ್ಯಾಕ್ಯೂಮ್-ಸೈಜ್ 500 ಎಂ ಅಂತ ಕೊಡಿ. ಸಿಸ್ಟಮ್‌ಡಿ ಜರ್ನಲ್ ತಾನಾಗಿಯೇ ಫೈಲ್‌ಸಿಸ್ಟಮಿನ 10% ಅಥವಾ 4 ಜಿಬಿ, ಯಾವುದು ಸಣ್ಣದೋ ಅಲ್ಲಿವರೆಗೆ ಬೆಳೀತದೆ, ನಿಮ್ಮ ಡಿಸ್ಕಲ್ಲಿ ಅದು 4 ಮುಟ್ಟಿರ್ತದೆ.

ಇಷ್ಟು ಉಸಿರಾಡ್ಲಿಕ್ಕೆ ಜಾಗ ಸಿಕ್ಕಿದ ಮೇಲೆ ಎಲ್‌ವಿಎಕ್ಸ್‌ಟೆಂಡ್, ದೊಡ್ಡ ಎಲ್ ಆಪ್ಷನಿಗೆ +60ಜಿ, ಜೊತೆಗೆ ಸಣ್ಣ ಆರ್, ಆಮೇಲೆ /ಡೆವ್/ಉಬುಂಟು-ವಿಜಿ/ಉಬುಂಟು-ಎಲ್‌ವಿ. ಆ ಸಣ್ಣ ಆರ್ ಮರೀಬೇಡಿ, ಅದಿದ್ರೆ ಫೈಲ್‌ಸಿಸ್ಟಮನ್ನೂ ಒಟ್ಟಿಗೆ ಹಿಗ್ಗಿಸ್ತದೆ, ಇಲ್ಲದಿದ್ರೆ ವಾಲ್ಯೂಮ್ ದೊಡ್ಡದಾಗಿ ಡಿಎಫ್ ಮಾತ್ರ ಅದೇ 98 ತೋರಿಸ್ತದೆ. ಸರ್ವರ್ ಓಡ್ತಾ ಇರುವಾಗಲೇ ಮಾಡ್ಬಹುದು, ರೀಬೂಟ್ ಬೇಡ.

ಇಂಟರ್ನೆಟ್ಟಲ್ಲಿ ಎಲ್ಲಾ ಕಡೆ 100%ಫ್ರೀ ಅಂತ ಪೂರ್ತಿ ಕೊಡ್ಲಿಕ್ಕೆ ಹೇಳ್ತಾರೆ, ನನಗೆ ಅದು ಸರಿ ಕಾಣುದಿಲ್ಲ. ಇಎಕ್ಸ್‌ಟಿ4 ಹಿಗ್ಗಿಸ್ಲಿಕ್ಕೆ ಸುಲಭ, ಕುಗ್ಗಿಸ್ಬೇಕಾದ್ರೆ ಅನ್‌ಮೌಂಟ್ ಮಾಡ್ಬೇಕು, ರೂಟನ್ನು ಅನ್‌ಮೌಂಟ್ ಮಾಡುದು ಅಂದ್ರೆ ಪೆನ್‌ಡ್ರೈವಿಂದ ಬೂಟ್ ಮಾಡುವ ಕೆಲಸ. ಐವತ್ತು ಅರವತ್ತು ಜಿಬಿ ಹಾಗೇ ಇರ್ಲಿ, ಅಪ್‌ಗ್ರೇಡಿಗೆ ಮುಂಚೆ ಸ್ನ್ಯಾಪ್‌ಶಾಟ್ (ವಾಪಸ್ ಹೋಗ್ಲಿಕ್ಕೆ ಆ ಹೊತ್ತಿನ ಡಿಸ್ಕಿನ ಸ್ಥಿತಿ) ತೆಗೀಲಿಕ್ಕೆ ಬೇಕಾಗ್ತದೆ.

---

ಹುಬ್ಬಳ್ಳಿ_ಶೆಲ್:

ಕರಾವಳಿಯವರು ಹೇಳಿದ್ದು ಖರೇ ಐತ್ರಿ, ಆದರ ಜಾಗ ಹೆಚ್ಚ ಮಾಡೋದು ಒಂದ, ಜಾಗ ತಿನ್ನೋದು ಯಾವದು ಅಂತ ಹುಡುಕೋದು ಇನ್ನೊಂದ. ಹುಡುಕಲಾರದ 60 ಜಿಬಿ ಕೊಟ್ರ ಮುಂದಿನ ಸೆಮಿಸ್ಟರಿಗೆ ಅದೂ ತುಂಬತೈತಿ, ಸೋರು ಕೊಡಕ್ಕ ದೊಡ್ಡ ನಳ ಹಚ್ಚಿದಂಗ.

ಯಾವ ಫೋಲ್ಡರ್ ಎಷ್ಟು ಜಾಗ ತಿಂದೈತಿ ಅಂತ ತೋರಸೋ ಡಿಯು ಹೊಡೀರಿ, ಎಕ್ಸ್ ಮತ್ತ ಎಚ್ ಆಪ್ಷನ್ ಕೂಡಿಸಿ, ಮ್ಯಾಕ್ಸ್-ಡೆಪ್ತ್ 1, ರೂಟ್ ಮ್ಯಾಲೆ. ಎಕ್ಸ್ ಯಾಕಂದ್ರ ಬ್ಯಾರೆ ಫೈಲ್‌ಸಿಸ್ಟಮ್ ಒಳಗ ಹೊಕ್ಕು ಲೆಕ್ಕ ಕೆಡಿಸಬಾರದು ಅಂತ. ಎನ್‌ಸಿಡಿಯು ಇದ್ರ ಇನ್ನೂ ಛಲೋ, ಆದರ ಈಗ ನಿಮಗ ಹೊಸಾದು ಇನ್‌ಸ್ಟಾಲ್ ಮಾಡಾಕ ಬರೂದಿಲ್ಲಲ್ಲ.

ಬಿನ್‌ಲಾಗ್ ಬಗ್ಗೆ ಹೇಳ್ತೀನಿ ಕೇಳ್ರಿ. ಮೈಎಸ್‌ಕ್ಯೂಎಲ್ 8ರಾಗ ಬೈನರಿ ಲಾಗ್ ಡೀಫಾಲ್ಟ್ ಆನ್ ಇರತೈತಿ, 30 ದಿನ ಇಟ್ಕೊಂಡು ಕುಂದರತೈತಿ. 5.7ರಾಗ ಹಂಗಿರಲಿಲ್ಲ, ಮಾರಿಯಾಡಿಬಿಯೊಳಗೂ ಡೀಫಾಲ್ಟ್ ಆಫ್. ಕೋಹಾ ಹಾಕೋರು ಭಾಳ ಮಂದಿ ಮಾರಿಯಾಡಿಬಿ ಹಾಕ್ತಾರ, ಅದಕ್ಕ ಈ ತ್ರಾಸ ಅವರಿಗೆ ಬರೂದಿಲ್ಲ, ನಿಮ್ಮ ವೆಂಡರ್ ಮೈಎಸ್‌ಕ್ಯೂಎಲ್ ಹಾಕಿ ಸೆಟ್ಟಿಂಗ್ ನೋಡಿಲ್ಲ. ಡೇಟಾಬೇಸಿನ್ಯಾಗ ಏನೇನು ಬದಲಾತು ಅನ್ನೋದೆಲ್ಲ ಒಂದೊಂದು ಜಿಬಿ ಫೈಲಿಗೆ ಬರಕೊಂತ ಹೋಗತೈತಿ ಅದು. ಎಲ್‌ಎಸ್ ಹೊಡದ್ರ 1.1ಜಿ 1.1ಜಿ ಅಂತ ಒಂದರ ಕೆಳಗ ಒಂದು ಸಾಲು ಹಚ್ಚಿ ಕಾಣತಾವ, ನೋಡ್ರಿ.

ಇವನ್ನ ಆರ್‌ಎಂ ಹಚ್ಚಿ ಅಳಿಸಬ್ಯಾಡ್ರಿ. ಯಾವ ಯಾವ ಫೈಲ್ ಅದಾವು ಅಂತ ಬಿನ್‌ಲಾಗ್ ಡಾಟ್ ಇಂಡೆಕ್ಸ್ ಅನ್ನೋ ಫೈಲಿನ್ಯಾಗ ಬರಕೊಂಡಿರತೈತಿ, ನೀವು ಕೈಲೆ ಅಳಿಸಿದ್ರ ಅದಕ್ಕೂ ಇದಕ್ಕೂ ತಾಳೆ ಆಗೂದಿಲ್ಲ, ಹೊಳ್ಳಿ ಚಾಲೂ ಆಗುವಾಗ ಕಿರಿಕಿರಿ. ಅದರಾಗ ಅವಸರದಾಗ ಬಿನ್‌ಲಾಗ್ ಬದಲಿ ಡೇಟಾಬೇಸಿಗೆ ಬೇಕಾದ ಐಬಿಡೇಟಾ ಫೈಲ್ ಅಳಿಸಿದ್ರಂದ್ರ ಮುಗೀತು. ಮೈಎಸ್‌ಕ್ಯೂಎಲ್ ಒಳಗ ಹೋಗಿ ಶೋ ಬೈನರಿ ಲಾಗ್ಸ್ ಅಂತ ನೋಡ್ರಿ, ಆಮ್ಯಾಲೆ ಪರ್ಜ್ ಬೈನರಿ ಲಾಗ್ಸ್ ಬಿಫೋರ್ ಅಂತ ತಾರೀಖು ಕೊಡ್ರಿ, ಎರಡು ದಿನದ ಹಿಂದಿಂದು. ಇಂಡೆಕ್ಸನ್ನೂ ಅದ ಸರಿ ಮಾಡತೈತಿ. ಇನ್ನೊಂದು ಸರ್ವರಿಗೆ ರೆಪ್ಲಿಕೇಷನ್ ಇದ್ರ ಮಾತ್ರ ಮೊದಲ ಅದು ಎಲ್ಲೀತನ ಓದೇತಿ ನೋಡಬೇಕು, ನಿಮ್ಮಲ್ಲಿ ಇರಲಿಕ್ಕಿಲ್ಲ.

ಕಾಯಂ ಪರಿಹಾರಕ್ಕ ಕಾನ್ಫಿಗ್ ಫೈಲಿನ್ಯಾಗ ಬಿನ್‌ಲಾಗ್ ಎಕ್ಸ್‌ಪೈರ್ ಲಾಗ್ಸ್ ಸೆಕೆಂಡ್ಸ್ ಅನ್ನೋದಕ್ಕ 259200 ಹಾಕ್ರಿ, ಮೂರು ದಿನ ಆತು. ಪೂರಾ ಬಂದ್ ಮಾಡ್ರಿ ಅಂತ ನಾ ಹೇಳೂದಿಲ್ಲ. ರಾತ್ರಿ ಬ್ಯಾಕಪ್ ಆಗೇತಿ, ಮರುದಿನ ಮಧ್ಯಾಹ್ನ ಡೇಟಾಬೇಸ್ ಕೆಡ್ತು ಅಂದ್ರ ಬೆಳಗಿನಿಂದ ಮಾಡಿದ ಇಶ್ಯೂ ರಿಟರ್ನ್ ಎಲ್ಲಾ ಹೊಳ್ಳಿ ತರಾಕ ಈ ಲಾಗ್ ಒಂದ ದಾರಿ.

ಮತ್ತ ನಿಮ್ಮ ಒಪ್ಯಾಕ್ (ಓದೋರು ಪುಸ್ತಕ ಹುಡುಕೋ ವೆಬ್ ಪೇಜ್) ಹೊರಗ ಇಂಟರ್ನೆಟ್ಟಿಗೆ ತೆರದೈತೇನ್ರಿ? ತೆರದಿದ್ರ ಬಾಟ್‌ಗೋಳು ಬಂದು ಸರ್ಚ್ ಪೇಜ್ ಒಂದೂ ಬಿಡಲಾರದ ಕೆದರತಾವ, ಬಂದ ಬಂದವರಿಗೆಲ್ಲ ಕೋಹಾ ಸೆಷನ್ಸ್ ಟೇಬಲಿನ್ಯಾಗ ಒಂದೊಂದು ಸಾಲು ಬರೀತೈತಿ, ಆ ಸಾಲೆಲ್ಲ ಬಿನ್‌ಲಾಗಿಗೂ ಹೋಗತೈತಿ. ಕೋಹಾದ್ದ ಕ್ಲೀನಪ್ ಡೇಟಾಬೇಸ್ ಅನ್ನೋ ಸ್ಕ್ರಿಪ್ಟ್ ಐತಿ, ಸೆಷನ್ಸ್ ಆಪ್ಷನ್ ಕೊಟ್ಟು ಕ್ರಾನಿನ್ಯಾಗ ಹಾಕ್ರಿ, ರಾತ್ರಿ ಹೊತ್ತು, ಯಾಕಂದ್ರ ಆಗ ಲಾಗಿನ್ ಇದ್ದವರೆಲ್ಲ ಹೊರಗ ಬೀಳ್ತಾರ.

---

ಲೈಬ್ರರಿ_ಲಿನಕ್ಸ್:

ಇಬ್ರಿಗೂ ತುಂಬಾ ಥ್ಯಾಂಕ್ಸ್ ಸರ್. ವಿಫ್ರೀ 120 ಚಿಲ್ಲರೆ ತೋರಿಸ್ತು, ಸರಿಯಾಗಿ ಹೇಳಿದ್ರಿ! ಆಪ್ಟ್ ಕ್ಲೀನ್, ಜರ್ನಲ್ ಎರಡೂ ಮಾಡಿದೆ, ಸುಮಾರು 5 ಜಿಬಿ ಬಿಡುಗಡೆ ಆಯ್ತು, ಲಾಗಿನ್ನೂ ಆಗ್ತಿದೆ ಈಗ. ಹಿಗ್ಗಿಸೋಕೆ ಮುಂಚೆ ಇನ್ನೊಂದು ಡೌಟು.

ಬಿನ್‌ಲಾಗ್ ಒಟ್ಟು 38 ಜಿಬಿ. ಅದೇ ಕಳ್ಳ ಅನ್ನೋದು ಗ್ಯಾರಂಟಿ. ಆದ್ರೆ ಕ್ಲೀನ್ ಮಾಡೋ ಮುಂಚೆ ಡಿಯು ಓಡಿಸಿದ್ದೆ, ರೂಟ್ ಪೂರ್ತಿ ಸೇರಿಸಿದ್ರೂ 74 ಜಿಬಿ ಬರ್ತಿತ್ತು, ಡಿಎಫ್ ಮಾತ್ರ 98ಉ ತುಂಬಿದೆ ಅಂತಿತ್ತು. ಮಧ್ಯ 24 ಜಿಬಿ ಎಲ್ಲೋಯ್ತು? ಡಿಸ್ಕ್ ಹಾಳಾಗಿದ್ಯಾ? ಸುಡೋ ಹಾಕಿನೇ ಓಡಿಸಿದ್ದು.

---

ನೈಟ್‌ಶಿಫ್ಟ್_ಅಡ್ಮಿನ್:

ಡಿಸ್ಕ್ ಚೆನ್ನಾಗೇ ಇದೆ ಬಾಸ್. ವೆಂಡರ್ ಒಂದು ಲಾಗ್ ಫೈಲ್ ಡಿಲೀಟ್ ಮಾಡಿದ್ರು, ಜಾಗ ಕಮ್ಮಿ ಆಗ್ಲಿಲ್ಲ ಅಂದ್ರಲ್ಲ, ಆ 24 ಜಿಬಿ ಅದೇ. ಲಿನಕ್ಸಲ್ಲಿ ಆರ್‌ಎಂ ಮಾಡಿದ್ರೆ ಹೋಗೋದು ಡೈರೆಕ್ಟರಿಯಲ್ಲಿರೋ ಹೆಸರು ಮಾತ್ರ, ಯಾವುದಾದ್ರೂ ಪ್ರೋಸೆಸ್ ಆ ಫೈಲನ್ನ ಇನ್ನೂ ಓಪನ್ ಇಟ್ಕೊಂಡಿದ್ರೆ ಬ್ಲಾಕ್ ಎಲ್ಲ ಹಾಗೇ ಇರುತ್ತೆ, ಅಪಾಚೆ (ವೆಬ್ ಸರ್ವರ್) ಅದಕ್ಕೆ ಬರೀತಾನೂ ಇರುತ್ತೆ. ಡಿಯುಗೆ ಹೆಸರಿಲ್ಲದ ಫೈಲ್ ಕಾಣಲ್ಲ, ಡಿಎಫ್ ಬ್ಲಾಕ್ ಎಣಿಸುತ್ತೆ. ಸುಡೋ ಎಲ್‌ಎಸ್‌ಒಎಫ್ +ಎಲ್1 ಕೊಡಿ, ಎಲ್ ದೊಡ್ಡದು. ಕೊನೇಲಿ ಡಿಲೀಟೆಡ್ ಅಂತ ಬರ್ಕೊಂಡಿರೋ ಸಾಲಲ್ಲಿ ಸೈಜು ಪ್ರೋಸೆಸ್ಸು ಎರಡೂ ಸಿಗುತ್ತೆ. ಅಪಾಚೆ ಆಗಿದ್ರೆ ಸಿಸ್ಟಮ್‌ಸಿಟಿಎಲ್ ರೀಲೋಡ್ ಅಪಾಚೆ2, ಕೋಹಾ ಓಡಿಸೋ ಪ್ಲ್ಯಾಕ್ ಪ್ರೋಸೆಸ್ ಆಗಿದ್ರೆ ಕೋಹಾ-ಪ್ಲ್ಯಾಕ್ ರೀಸ್ಟಾರ್ಟ್. ಮುಂದೆ ಯಾವತ್ತಾದ್ರೂ ಓಡ್ತಿರೋ ಲಾಗ್ ಖಾಲಿ ಮಾಡ್ಬೇಕಂದ್ರೆ ಆರ್‌ಎಂ ಬದಲು ಟ್ರಂಕೇಟ್ ಎಸ್ 0 ಕೊಡಿ. ಅಷ್ಟು ದೊಡ್ಡದಾಗಿತ್ತು ಅಂದ್ರೆ ಆ ಲಾಗ್ ಮಾಮೂಲಿ ಜಾಗದಲ್ಲಿಲ್ಲ, ಹಳೇ ಲಾಗ್ ತಾನಾಗೇ ತೆಗಿಯೋ ಲಾಗ್‌ರೊಟೇಟ್‌ಗೆ ಅದರ ಸುಳಿವೇ ಇಲ್ಲ, ಅಪಾಚೆ ಸೈಟ್ ಫೈಲಲ್ಲಿ ಕಸ್ಟಮ್‌ಲಾಗ್ ಸಾಲು ಎಲ್ಲಿಗೆ ತೋರಿಸ್ತಿದೆ ನೋಡಿ.

ಈಗ ಪ್ಯಾಕೇಜ್ ವಿಷ್ಯ, ಇದನ್ನ ಯಾರೂ ಮುಟ್ಟಿಲ್ಲ.

/ಬೂಟ್ ಖಾಲಿ ಇದ್ರೂ ಇನಿಟ್‌ರಾಮ್‌ಎಫ್‌ಎಸ್ ಫೇಲ್ ಆಗಿದ್ದು ಯಾಕಂದ್ರೆ ಅದು ಮೊದ್ಲು /ವಾರ್/ಟಿಎಂಪಿಯಲ್ಲಿ ಎಲ್ಲ ಜೋಡಿಸ್ಕೊಂಡು ಆಮೇಲೆ ಕಂಪ್ರೆಸ್ ಮಾಡಿ /ಬೂಟಿಗೆ ಹಾಕೋದು. /ವಾರ್ ನಿಮ್ಮ ರೂಟಲ್ಲೇ ಇದೆ. ಜಾಗ ಸಿಕ್ಕಿದ ಮೇಲೆ ಡಿಪಿಕೆಜಿಗೆ ಕಾನ್ಫಿಗರ್ ಆಪ್ಷನ್ ಜೊತೆ ಎ, ಆಮೇಲೆ ಆಪ್ಟ್ ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್. ಎರಡೂ ಎರರ್ ಇಲ್ಲದೆ ಮುಗಿಯೋವರೆಗೂ ರೀಬೂಟ್ ಮಾಡ್ಬೇಡಿ, ಮಾಡ್ಬೇಡಿ, ಮಾಡ್ಬೇಡಿ. ಅರ್ಧಂಬರ್ಧ ಇನಿಟ್‌ರಾಮ್‌ಎಫ್‌ಎಸ್ ಇಟ್ಕೊಂಡು ರೀಬೂಟ್ ಮಾಡಿದ್ರೆ ರೂಟ್ ಮೌಂಟ್ ಆಗದೆ ಕಪ್ಪು ಸ್ಕ್ರೀನಲ್ಲಿ ಕೂರುತ್ತೆ. ಮುಗಿದ್ಮೇಲೆ ಆಪ್ಟ್ ಆಟೋರಿಮೂವ್ ಪರ್ಜ್, ಹಳೇ ಕರ್ನಲ್ ಅದೇ ತೆಗಿಯುತ್ತೆ, ಈಗ ಓಡ್ತಿರೋದನ್ನ ಬಿಟ್ಟು. ಕರ್ನಲ್ ಹೆಡರ್ ಪ್ಯಾಕೇಜುಗಳು ಸೈಜಲ್ಲಿ ಚಿಕ್ಕವು ಆದ್ರೆ ಒಂದೊಂದರಲ್ಲೂ ಸಾವಿರಾರು ಪುಟ್ಟ ಫೈಲು, ಸಣ್ಣ ಡಿಸ್ಕಲ್ಲಿ ಜಾಗ ಇದ್ರೂ ಐನೋಡ್ (ಒಂದೊಂದು ಫೈಲಿಗೂ ಒಂದೊಂದು ಬೇಕಾಗೋ ದಾಖಲೆ) ಖಾಲಿಯಾಗಿ ಇದೇ ಎರರ್ ಬರುತ್ತೆ. ಡಿಎಫ್ -ಐ ಕೊಟ್ಟು ಅದನ್ನೂ ಒಮ್ಮೆ ನೋಡ್ಕೊಳ್ಳಿ.

ಅಪ್‌ಡೇಟ್ ಮಾಡ್ಲೇಬೇಡಿ ಅನ್ನೋ ವೆಂಡರ್ ಮಾತು ಕೇಳ್ಬೇಡಿ. 2024ರ ಜುಲೈ 1ಕ್ಕೆ ಓಪನ್‌ಎಸ್‌ಎಸ್‌ಎಚ್‌ದು (ದೂರದಿಂದ ಲಾಗಿನ್ ಆಗೋ ಸಾಫ್ಟ್‌ವೇರ್) ರಿಗ್ರೆಷನ್ ಅಂತ ಒಂದು ತೂತು ಹೊರಗೆ ಬಂತು, 8.5ರಿಂದ 9.7ರವರೆಗಿನ ವರ್ಷನ್ನಿಗೆ, ಲಾಗಿನ್ನೇ ಇಲ್ಲದೆ ರೂಟ್ ಯೂಸರ್ ಅಧಿಕಾರ ಸಿಗೋ ಅಂಥದ್ದು. ನಿಮ್ಮ 22.04ರಲ್ಲಿರೋದು 8.9. ಅದರ ಫಿಕ್ಸ್ ಅವತ್ತೇ ಸೆಕ್ಯುರಿಟಿ ಅಪ್‌ಡೇಟಲ್ಲಿ ಬಂತು, ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ (ಅಪ್‌ಡೇಟ್ ತಾನಾಗೇ ಹಾಕೋದು) ಆನ್ ಇದ್ದವರು ಬಹಳಷ್ಟು ಜನಕ್ಕೆ ಗೊತ್ತೂ ಆಗ್ದೆ ಮುಚ್ಚೋಯ್ತು. ಇದಕ್ಕೆ ಉಲ್ಟಾ ಕತೆನೂ ಇದೆ, ಅದೇ ವರ್ಷ ಮಾರ್ಚಲ್ಲಿ ಎಕ್ಸ್‌ಜೆಡ್ ಅನ್ನೋ ಕಂಪ್ರೆಷನ್ ಟೂಲಿನ 5.6.0, 5.6.1ರಲ್ಲಿ ಬೇಕಂತಲೇ ಹಿಂಬಾಗಿಲು ಇಟ್ಟಿದ್ರು, ಆಂಡ್ರೆಸ್ ಫ್ರಾಯ್ಂಡ್ ಅನ್ನೋ ಡೆವಲಪರ್ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ನಿಧಾನ ಆಗ್ತಿದೆ ಅಂತ ಕೆದಕಿ ಹಿಡಿದಿದ್ದು. ಅದು ಹೊಕ್ಕಿದ್ದು ಡೆಬಿಯನ್ ಟೆಸ್ಟಿಂಗು ಅನ್‌ಸ್ಟೇಬಲ್ಲು ಅಂಥ ಕಡೆ, ನಿಮ್ಮ 22.04 ಥರ ಎಲ್‌ಟಿಎಸ್‌ಗೆ (ಹೆಚ್ಚು ವರ್ಷ ಸಪೋರ್ಟ್ ಇರೋ ವರ್ಷನ್) ಬರ್ಲೇ ಇಲ್ಲ. ಅಂದ್ರೆ ಎಲ್‌ಟಿಎಸ್ ಮೇಲೆ ಕೂತು ಸೆಕ್ಯುರಿಟಿ ಮಾತ್ರ ತಾನಾಗೇ ಹಾಕ್ಕೊಳ್ಳೋ ಹಾಗಿಟ್ರೆ ಎರಡೂ ಕಡೆ ಸೇಫು. ಉಬುಂಟುಲಿ ಅನ್‌ಅಟೆಂಡೆಡ್ ಡೀಫಾಲ್ಟಾಗಿ ಹೆಚ್ಚುಕಮ್ಮಿ ಹಾಗೇ ಇರುತ್ತೆ, ಕೋಹಾ ರೆಪೊ (ಅದರ ಪ್ಯಾಕೇಜ್ ಬರೋ ಜಾಗ) ಅದರ ಪಟ್ಟಿಲಿಲ್ಲ, ಸೋ ಕೋಹಾ ತಾನಾಗೇ ಬದಲಾಗಲ್ಲ.

ಆದ್ರೆ ಕೈಯಲ್ಲಿ ಆಪ್ಟ್ ಅಪ್‌ಗ್ರೇಡ್ ಕೊಟ್ರೆ ಬದಲಾಗುತ್ತೆ, ಇಲ್ಲೇ ಇರೋದು ಗುಂಡಿ. /ಇಟಿಸಿ/ಆಪ್ಟ್ ಒಳಗೆ ಸೋರ್ಸಸ್ ಲಿಸ್ಟಲ್ಲಿ ಕೋಹಾ ಸಾಲು ತೆಗೆದು ನೋಡಿ, ಸ್ಟೇಬಲ್ ಅಂತಿದ್ಯಾ ಅಥವಾ 23.11 ಥರ ನಂಬರ್ ಇದ್ಯಾ. ಕೋಹಾ ಮೇ, ನವೆಂಬರಲ್ಲಿ ಹೊಸ ದೊಡ್ಡ ವರ್ಷನ್ ಬಿಡುತ್ತೆ, ಸ್ಟೇಬಲ್ ಅನ್ನೋ ಹೆಸರು ಒಂದರಿಂದ ಇನ್ನೊಂದಕ್ಕೆ ಜಾರ್ತಾ ಇರುತ್ತೆ. ಸ್ಟೇಬಲ್ ಅಂತಿದ್ರೆ ಬೇರೆ ಯಾವುದೋ ಪ್ಯಾಚ್ ಹಾಕೋಕೆ ಹೋಗಿ ಡೇಟಾಬೇಸ್ ಸ್ಕೀಮಾ ಸಮೇತ ಹೊಸ ಕೋಹಾ ಬಂದು ಕೂರುತ್ತೆ, ಹಿಂದಕ್ಕೆ ಹೋಗೋ ದಾರಿ ಬ್ಯಾಕಪ್ ಒಂದೇ. ನಂಬರ್ ಹಾಕಿಡಿ. ಅಲ್ಲಿವರೆಗೂ ಆಪ್ಟ್-ಮಾರ್ಕ್ ಹೋಲ್ಡ್ ಕೋಹಾ-ಕಾಮನ್ ಕೊಟ್ಟಿರಿ.

---

ಲೈಬ್ರರಿ_ಲಿನಕ್ಸ್:

ಸಿಕ್ತು ಸರ್! ಅಪಾಚೆನೇ ಹಿಡ್ಕೊಂಡಿತ್ತು, ರೀಲೋಡ್ ಕೊಟ್ಟ ಕೂಡ್ಲೆ ಡಿಎಫ್ ಸರ್‍ರಂತ ಇಳೀತು. ಬಿನ್‌ಲಾಗ್ ಪರ್ಜ್ ಮಾಡಿದೆ. ಈಗ ಹಿಗ್ಗಿಸದೇನೇ 35 ಚಿಲ್ಲರೆ ಜಿಬಿ ಮಾತ್ರ ಬಳಕೆ. ಡಿಪಿಕೆಜಿ, ಆಪ್ಟ್ ಎರಡೂ ಕ್ಲೀನಾಗಿ ಮುಗೀತು, ಐನೋಡ್ 9% ಅಷ್ಟೇ. ಒಪ್ಯಾಕ್ ಹೊರಗೆ ತೆರೆದೇ ಇದೆ, ಎನ್‌ಎಎಸಿ (ಕಾಲೇಜಿಗೆ ಗ್ರೇಡ್ ಕೊಡೋ ತಂಡ) ಬರುತ್ತೆ ಅಂತ ತೆರೆದಿಟ್ಟಿದ್ದು, ಲಾಗಲ್ಲಿ ನೋಡಿದ್ರೆ ಮುಕ್ಕಾಲು ಪಾಲು ಬಾಟ್‌ಗಳೇ.

ಕೋಹಾ ಸಾಲಲ್ಲಿ ಸ್ಟೇಬಲ್ ಅಂತಲೇ ಇದೆ 😐 ಹೋಲ್ಡ್ ಹಾಕಿದೀನಿ. ಇನ್ನೂ ಕೆಲವು ಪ್ಯಾಕೇಜ್ ಕೆಪ್ಟ್ ಬ್ಯಾಕ್ ಅಂತ ಉಳ್ಕೊಂಡಿದೆ, ಅದು ಪ್ರಾಬ್ಲಮ್ಮಾ? ಶನಿವಾರ ಸಂಜೆ ಲೈಬ್ರರಿ ಮುಚ್ಚಿದ ಮೇಲೆ ಸ್ನ್ಯಾಪ್‌ಶಾಟ್ ತೆಗ್ದು ರೀಬೂಟ್ ಮಾಡೋಣ ಅಂತಿದೀನಿ. ಒಂದು ವಾರ ಸ್ನ್ಯಾಪ್‌ಶಾಟ್ ಇಟ್ಕೊಂಡು, ಏನಾದ್ರೂ ತೊಂದ್ರೆ ಆದ್ರೆ ವಾಪಸ್ ಹೋಗ್ಬಹುದಲ್ವಾ?

---

ನೈಟ್‌ಶಿಫ್ಟ್_ಅಡ್ಮಿನ್:

ಕೆಪ್ಟ್ ಬ್ಯಾಕಲ್ಲಿ ಕೋಹಾ ಅಲ್ದೆ ಬೇರೆದೂ ಇದ್ರೆ ಬಹುಶಃ ಫೇಸ್ಡ್ ಅಪ್‌ಡೇಟು. ಉಬುಂಟು ಒಂದೇ ಸಲ ಎಲ್ರಿಗೂ ಕೊಡಲ್ಲ, ಸ್ವಲ್ಪ ಸ್ವಲ್ಪ ಮಷೀನಿಗೆ ಬಿಡ್ತಾ ಹೋಗುತ್ತೆ, ಕಂಪ್ಲೇಂಟ್ ಬಂದ್ರೆ ನಿಲ್ಲಿಸುತ್ತೆ. ನಿಮ್ಮ ಸರದಿ ಬಂದಾಗ ತಾನಾಗೇ ಬರುತ್ತೆ, ಒತ್ತಾಯ ಮಾಡಿ ಹಾಕ್ಬೇಡಿ.

---

ಕರಾವಳಿ_ಕರ್ನಲ್:

ಒಂದು ವಾರ ಇಡ್ಲಿಕ್ಕೆ ಹೋಗ್ಬೇಡಿ. ನಿಮ್ಮ ಮೈಎಸ್‌ಕ್ಯೂಎಲ್ ಇರುದು ಅದೇ ರೂಟ್ ವಾಲ್ಯೂಮಲ್ಲಿ ಅಲ್ವಾ, ಬುಧವಾರ ಸ್ನ್ಯಾಪ್‌ಶಾಟಿಗೆ ವಾಪಸ್ ಹೋದ್ರೆ ಸೋಮವಾರ ಮಂಗಳವಾರ ಕೊಟ್ಟ ಪುಸ್ತಕದ ಲೆಕ್ಕವೂ ಹೋಯ್ತು. ಸಾಲದ್ದಕ್ಕೆ ಸ್ನ್ಯಾಪ್‌ಶಾಟಿಗೆ ಕೊಟ್ಟ ಜಾಗ ತುಂಬಿದ್ರೆ ಅದು ಅಲ್ಲಿಗೇ ಇನ್‌ವ್ಯಾಲಿಡ್, ಬಾಟ್‌ಗಳ ಕಾಟ ಇರುವ ಸರ್ವರಲ್ಲಿ ಬೇಗ ತುಂಬ್ತದೆ. 20 ಜಿಬಿ ಕೊಡಿ, ಶನಿವಾರ ತೆಗೀರಿ, ರೀಬೂಟ್ ಮಾಡಿ, ಒಂದು ಪುಸ್ತಕ ಇಶ್ಯೂ ಮಾಡಿ ರಿಟರ್ನ್ ಮಾಡಿ ನೋಡಿ, ಸರಿ ಉಂಟು ಅಂದ್ರೆ ಎಲ್‌ವಿರಿಮೂವ್ ಕೊಟ್ಟು ಸ್ನ್ಯಾಪ್‌ಶಾಟ್ ತೆಗೆದುಬಿಡಿ.

ಮತ್ತೊಂದು, /ಬೂಟ್ ನಿಮ್ಮಲ್ಲಿ ಬೇರೆ ಪಾರ್ಟಿಷನ್, ಎಲ್‌ವಿಎಂ ಒಳಗೆ ಇಲ್ಲ, ಅದು ಸ್ನ್ಯಾಪ್‌ಶಾಟಿಗೆ ಬರುದಿಲ್ಲ. ವಾಪಸ್ ಹೋಗ್ಲಿಕ್ಕೆ ಎಲ್‌ವಿಕನ್ವರ್ಟ್ ಮರ್ಜ್ ಕೊಟ್ಟು ರೀಬೂಟ್ ಮಾಡಿದಾಗ ರೂಟ್ ಹಳೇದಾಗಿ, ಸ್ನ್ಯಾಪ್‌ಶಾಟ್ ಆದ ಮೇಲೆ ಹಾಕಿದ ಕರ್ನಲ್ ಏನಾದ್ರೂ ಇದ್ರೆ ಅದು /ಬೂಟಲ್ಲಿ ಹಾಗೇ ಉಳೀತದೆ, ಅದರ ಮಾಡ್ಯೂಲುಗಳು ಮಾತ್ರ /ಲಿಬ್/ಮಾಡ್ಯೂಲ್ಸಲ್ಲಿ ಇರುದಿಲ್ಲ, ನೆಟ್‌ವರ್ಕ್ ಕಾರ್ಡೇ ಏಳದೆ ಇರಬಹುದು. ಹಾಗೆ ವಾಪಸ್ ಬರ್ಬೇಕಾದ್ರೆ ಬೂಟ್ ಆಗುವಾಗ ಬರುವ ಗ್ರಬ್ ಮೆನುವಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ಹೋಗಿ ಹಳೇ ಕರ್ನಲ್ ಆರಿಸ್ಬೇಕು, ಅದಕ್ಕೆ ಸರ್ವರಿನ ಎದುರೇ ಕೂತಿರ್ಬೇಕು, ಮನೆಯಿಂದ ಎಸ್‌ಎಸ್‌ಎಚ್‌ನಲ್ಲಿ ಆಗುವ ಕೆಲಸ ಅಲ್ಲ. ಸರ್ವರ್ ರೂಮಿನ ಬೀಗದ ಕೈ ಶುಕ್ರವಾರವೇ ಆಫೀಸಿಂದ ಇಸ್ಕೊಂಡಿಟ್ಟುಕೊಳ್ಳಿ.